ದೋಣಿಗೊಂದು ಹೊಸ್ತಿಲು

ಕನ್ನಂಬಾಡಿ ಕಟ್ಟೆಗೆ ನೀರು ನಿಂತಾಗ ಹಳೇಕೊಪ್ಪಲು ಮುಳುಗಿ ಹೋಯಿತು. ಸರ್ಕಾರದವರು ದಿಬ್ಬದ ಮೇಲೆ ಹುರಿ ಹಿಡಿದು ಬೀದಿ ಎಳೆದು, ಮನೆಗಳ ಮುಖವನ್ನೆಲ್ಲ ಪಡುವಲಕ್ಕೆ ತಿರುಗಿಸಿ, ಬೇರೊಂದು ಊರು ಕೊಟ್ಟರು. ಅದಕ್ಕೊಂದು ಹೆಸರು ಹುಡುಕುವ ತಾಪತ್ರಯ ಯಾರಿಗೆ ಬೇಕು? ‘ಹೊಸ ಹಳೇಕೊಪ್ಪಲು’ ಎಂದು ಕಲ್ಲಿನಲ್ಲಿ ಕೆತ್ತಿಸಿ ನೆಟ್ಟರು. ಊರಿನವರಿಗೂ ಅದರಲ್ಲಿ ತಪ್ಪೇನೂ ಕಾಣಲಿಲ್ಲ. ಹಳೇ ಜನವೇ ಹೊಸ ಜಾಗಕ್ಕೆ ಬಂದಿದ್ದರಲ್ಲ.

ಪಟೇಲ ತಿಮ್ಮಯ್ಯನ ಗದ್ದೆಯೂ ನೀರಿನ ಕೆಳಗೆ ಸೇರಿತ್ತು. ಬದಲಿಗೆ ಬೇರೆ ಭೂಮಿ ಸಿಕ್ಕಿತ್ತು, ಪರಿಹಾರವೂ ಬಂದಿತ್ತು. ಆದರೂ ಸಂಜೆಯಾದರೆ ಅವನು ದಿಬ್ಬದ ತುದಿಯಲ್ಲಿ ನಿಂತು, “ಅಗೋ, ಆ ನೀರುಕೋಳಿ ತೇಲ್ತಾ ಅದಲ್ಲ, ಅದು ನಮ್ಮ ರಾಜಮುಡಿ ಬತ್ತದ ಗದ್ದೆ. ಕೆಳಗಲ ಮಣ್ಣು ನಮ್ದು, ಮೇಗಲ ನೀರು ಸರ್ಕಾರದ್ದು” ಎಂದು ಬಂದವರಿಗೆಲ್ಲ ತೋರಿಸುತ್ತಿದ್ದ. ಕೇಳುವವರು ಹೂಂಗುಟ್ಟುತ್ತಿದ್ದರು. ನೀರುಕೋಳಿಯೂ ಅಷ್ಟು ಹೊತ್ತಿಗೆ ಬೇರೆ ಯಾರದೋ ಗದ್ದೆಗೆ ತೇಲಿಕೊಂಡು ಹೋಗಿರುತ್ತಿತ್ತು.

ಒಂದು ದಿನ ತಿಮ್ಮಯ್ಯ ಜರಿಪೇಟ ಸುತ್ತಿಕೊಂಡು, ಅಂಬಿಗ ಮರಿಯಯ್ಯನ ಹರಿಗೋಲಿನಲ್ಲಿ ಕಟ್ಟೆಯ ಕಡೆಗೆ ಹೋಗಿದ್ದ. ಯಾರೋ ಅಧಿಕಾರಿ ಮೋಟಾರು ದೋಣಿಯಲ್ಲಿ ಬರ್‍ರೆಂದು ಪಕ್ಕದಲ್ಲೇ ಹಾದುಹೋದ. ಅಲೆ ಎದ್ದಿತು, ಹರಿಗೋಲು ಬುಗುರಿಯ ಹಾಗೆ ಸುತ್ತಿತು, ಜರಿಪೇಟ ನೀರಿಗೆ ಬಿತ್ತು. ಮರಿಯಯ್ಯ ಹುಟ್ಟಿನ ತುದಿಯಲ್ಲಿ ಅದನ್ನೆತ್ತಿ, “ತಗಳ್ಳಿ ಬುದ್ಧಿ, ಮೀನೇನೂ ಸಿಕ್ಕಿಲ್ಲ” ಎಂದು ನಕ್ಕ. ಆ ನಗೆ ತಿಮ್ಮಯ್ಯನ ಎದೆಯಲ್ಲಿ ಮುಳ್ಳಾಗಿ ಉಳಿಯಿತು. ತಾನೂ ಒಂದು ಮೋಟಾರು ದೋಣಿ ತರಿಸುತ್ತೇನೆ, ಅದರಲ್ಲಿ ಕಟ್ಟೆಯ ತನಕ ಹೋಗಿ ಅದೇ ಅಧಿಕಾರಿಯ ಪಕ್ಕದಲ್ಲಿ ಹಾದು ಅವನ ಟೋಪಿ ನೀರಿಗೆ ಬೀಳಿಸುತ್ತೇನೆ ಎಂದು ಪ್ರತಿಜ್ಞೆ ಮಾಡಿಬಿಟ್ಟ.

ಆ ಪ್ರತಿಜ್ಞೆಯನ್ನು ಊರಿನಲ್ಲಿ ನಂಬಿದವಳು ಒಬ್ಬಳೇ, ಅವನ ಹೆಂಡತಿ ಪುಟ್ಟತಾಯಮ್ಮ.

ನಂಬುವುದಕ್ಕೆ ಅವಳಿಗೆ ಕಾರಣವಿತ್ತು. ಅವಳ ತವರು ಹೊನ್ನೆಮರದಹಳ್ಳಿ ನೀರಿನ ಆಚೆ ದಡದಲ್ಲಿ, ನೇರ ಪಡುವಲಕ್ಕೆ ಇತ್ತು. ಮೊದಲು ನಡುವೆ ಇದ್ದುದು ಒಂದು ಹೊಳೆ. ಕಸಮುಸುರೆ ಮುಗಿಸಿ ಹೊರಟರೆ ಬಿಸಿಲೇರುವ ಮುಂಚೆ ಅವ್ವನ ಮನೆಯ ಜಗಲಿ. ಈಗ ಸಮುದ್ರದಂಥ ನೀರು. ಗಾಡಿಯಲ್ಲಿ ಹೋಗಬೇಕೆಂದರೆ ಹುಣಸೂರಿನ ತನಕ ಹೋಗಿ, ಹೊಳೆ ದಾಟಿ, ಸುತ್ತಿ ಬಳಸಿ ಬರಬೇಕು. ಗಾಡಿ ಕೇಳಿದರೆ ಅತ್ತೆ ಕುಳ್ಳಮ್ಮ, “ಅಷ್ಟು ದೂರ ಎತ್ತು ಸಾಯಿಸ್ಬೇಕಾ?” ಎನ್ನುತ್ತಿದ್ದಳು. ಮರಿಯಯ್ಯನ ಹರಿಗೋಲು ದಿನವೂ ಆಡು ತುಂಬಿಕೊಂಡು ಆಚೆ ದಡಕ್ಕೆ ಹೋಗುತ್ತದಲ್ಲ ಎಂದರೆ, “ಪಟೇಲರ ಸೊಸೆ ಆಡುಗಳ ಜತೆ ಕುಕ್ಕರಗಾಲಲ್ಲಿ ಕೂತ್ಕಂಡು ಓಗೋದಾ? ನೋಡ್ದೋರು ಯಾವ್ದು ಆಡು ಯಾವ್ದು ಸೊಸೆ ಅಂತ ಕೇಳಾರು!” ಎಂದು ಬಾಯಿ ಮುಚ್ಚಿಸುತ್ತಿದ್ದಳು. ಕುಳ್ಳಮ್ಮ ಎಂಬ ಹೆಸರಿದ್ದರೂ ಅವಳು ಬಾಗಿಲಿಗೆ ತಲೆ ತಗ್ಗಿಸಿಯೇ ಒಳಗೆ ಬರಬೇಕಾದಷ್ಟು ಉದ್ದದ ಹೆಂಗಸು. ಮಾತೂ ಅಷ್ಟೇ ಎತ್ತರದಿಂದ ಬೀಳುತ್ತಿತ್ತು.

ಹೀಗಾಗಿ ಪುಟ್ಟತಾಯಮ್ಮ ಅವ್ವನನ್ನು ಕಂಡು ವರ್ಷಗಳೇ ಆಗಿದ್ದವು. ಅವ್ವನ ಸುದ್ದಿ ಬರುತ್ತಿದ್ದುದು ಮರಿಯಯ್ಯನ ಬಾಯಲ್ಲಿ.

“ನಿಮ್ಮವ್ವಂಗೆ ಕಣ್ಣಿಗೆ ಪೊರೆ ಬತ್ತಾ ಅದೆ ಕಣವ್ವ,” ಎಂದ ಒಂದು ದಿನ. “ನೆನ್ನೆ ನನ್ನನ್ನೇ ಆಡು ಅಂದ್ಕಂಡು ಒಂದಿಡಿ ಸೊಪ್ಪು ಕೊಡಕ್ಕೆ ಬಂದ್ಲು.”

“ಆಮೇಕೆ?”

“ಇಸ್ಕೊಂಡೆ. ಬ್ಯಾಡ ಅಂದ್ರೆ ನೊಂದ್ಕತಾಳೆ. ‘ಪುಟ್ಟಿ ಮಕ ಒಂದ್ಸಲ ಕಣ್ತುಂಬ ನೋಡ್ಬುಟ್ರೆ, ಆಮೇಕೆ ಕಣ್ಣು ಓದ್ರೆ ಓಗ್ಲಿ ಬುಡು’ ಅಂತಾಳೆ ಮುದ್ಕಿ.”

ಅವತ್ತು ರಾತ್ರಿ ಊಟಕ್ಕೆ ಬಡಿಸುವಾಗ ಪುಟ್ಟತಾಯಮ್ಮ ಗಂಡನಿಗೆ ವಿಷಯ ಹೇಳಿದಳು. ತಿಮ್ಮಯ್ಯ ಮುದ್ದೆ ಮುರಿಯುತ್ತ, “ದೋಣಿ ಬರ್ಲಿ ಇರಮ್ಮಿ. ಮೊದಲ್ನೇ ಸವಾರಿ ನಿಂದೇ. ರಾಣಿ ಅಂಗೆ ಕರ್ಕೊಂಡೋಯ್ತೀನಿ” ಎಂದ. ಪುಟ್ಟತಾಯಮ್ಮ ಇನ್ನೊಂದು ಸೌಟು ಸಾರು ಬಡಿಸಿದಳು. ಕಾಯುವುದು ಅವಳಿಗೆ ಗೊತ್ತಿತ್ತು. ರಾಗಿ ಬಿತ್ತಿದವರಿಗೆ ಅದನ್ನು ಬೇರೆ ಹೇಳಿಕೊಡಬೇಕಾಗಿಲ್ಲ.

ಅವರೆಕಾಯಿ ಕಾಲದಲ್ಲಿ ಮೈಸೂರಿನಿಂದ ಮೋಟಾರು ದೋಣಿಯ ಏಜೆಂಟು ಬಂದ. ಹೆಸರು ಚನ್ನಬಸವಣ್ಣ. ಕಚ್ಚೆಪಂಚೆ, ಮೇಲೆ ಕೋಟು, ಕಂಕುಳಲ್ಲಿ ದೋಣಿಗಳ ಚಿತ್ರದ ಪುಸ್ತಕ. ಜಗಲಿಯ ಮೇಲೆ ಚಾಪೆ ಹಾಸಿ ಕೂರಿಸಿದರು. ಪುಟ್ಟತಾಯಮ್ಮ ಕಾಫಿ ತಂದಿಟ್ಟು ಬಾಗಿಲ ಮರೆಯಲ್ಲಿ ನಿಂತಳು. ಕುಳ್ಳಮ್ಮ ಮರೆಯ ಗೊಡವೆಗೆ ಹೋಗದೆ ನಡುಬಾಗಿಲಲ್ಲೇ ಕೂತಳು.

ಚಿತ್ರದಲ್ಲಿ ಬಿಳಿ ದೋಣಿ, ಬಿಳಿ ಟೋಪಿಯ ದೊರೆ, ಪಕ್ಕದಲ್ಲಿ ಕೊಡೆ ಹಿಡಿದ ದೊರೆಸಾನಿ, ಕಾಲ ಬಳಿ ಒಂದು ನಾಯಿ.

“ನಾಯಿ ದೋಣಿ ಜತೇಲೇ ಬತ್ತದಾ?” ತಿಮ್ಮಯ್ಯ ಕೇಳಿದ.

“ಇಲ್ಲ ಗೌಡರೇ, ನಾಯಿ ಚಿತ್ರಕ್ಕೆ ಮಾತ್ರ.”

“ದೊರೆಸಾನಿ?”

“ಅವರೂ ಅಷ್ಟೇ.”

“ಸರಿ ಬುಡಿ. ಅವೆಲ್ಡೂ ನಮ್ಮಟ್ಟೀಲೇ ಅವೆ,” ಎಂದು ತಿಮ್ಮಯ್ಯ ತಾನೇ ನಕ್ಕ. ಬಾಗಿಲ ಮರೆಯಲ್ಲಿ ಬಳೆ ಸದ್ದಾಯಿತು. ನಗು ಅಲ್ಲಿಗೇ ನಿಂತಿತು.

ಚನ್ನಬಸವಣ್ಣ ಗಂಟಲು ಸರಿಮಾಡಿಕೊಂಡ. “ಇದು ಆರು ಜನ ಕೂರುವ ದೋಣಿ. ಬರೀ ದೋಣಿ ಒಂದು ಲೆಕ್ಕ. ಅದಕ್ಕೆ ಏನೇನು ಹಾಕಿಸಿಕೊಳ್ಳುತ್ತೀರಿ ಎಂಬುದು ನಿಮ್ಮ ಇಷ್ಟ. ಮೊದಲು ಎಂಜಿನ್ನು. ಎಂಟು ಕುದುರೆ ಶಕ್ತಿಯದು ನಿಮಗೆ ಧಾರಾಳವಾಯಿತು.”

“ಎಂಟಾ? ನಮ್ಮ ಬೀಗರು ಮಿರ್ಲೆಯೋರು ಮದುವೆ ಗಾಡಿಗೇ ನಾಕು ಎತ್ತು ಕಟ್ತಾರೆ. ಅನ್ನೆರಡು ಮಡಗ್ರಿ.”

“ಅನ್ನೆರಡು ಕುದುರೆಗೆ ಉಳ್ಳಿ ಬೇಯ್ಸೋರು ಯಾರ್ಲಾ?” ಕುಳ್ಳಮ್ಮ ನಡುಬಾಗಿಲಿಂದ ಕೇಳಿದಳು.

“ಉಳ್ಳಿ ತಿನ್ನಾಕಿಲ್ಲ ಕಣವ್ವ, ಅವು ಎಣ್ಣೆ ಕುಡೀತವೆ.”

“ಕುಡಿಯೋ ಪ್ರಾಣಿ ಸಾಕೋದು ನಿಮ್ಮಪ್ಪನ ಕಾಲಕ್ಕೇ ಸಾಕಾಗದೆ ನಂಗೆ.”

ಚನ್ನಬಸವಣ್ಣ ಕಾಫಿ ಲೋಟದಲ್ಲಿ ಮುಖ ಅಡಗಿಸಿಕೊಂಡು, ಆಮೇಲೆ, “ದೊಡ್ಡ ಎಂಜಿನ್ನಿಗೆ ಮುಂದುಗಡೆ ಜಾಗ ಜಾಸ್ತಿ ಬೇಕು. ಒಂದು ಸೀಟು ಹೋಗುತ್ತೆ” ಎಂದ.

“ಓಗ್ಲಿ. ಐದು ಉಳೀತಲ್ಲ.”

ಕೂರಲು ಬೆತ್ತದ ಬೆಂಚು ಸಾಕೋ, ಮೆತ್ತೆ ಬೇಕೋ? ಬೂರುಗದ ಹತ್ತಿಯ ಮೆತ್ತೆ. ಬೆಂಚಂತೂ ಬೇಡ, ಪಟೇಲನಿಗೆ ಕೈ ಇರುವ ಕುರ್ಚಿಯೇ ಆಗಬೇಕು. ಕೈಕುರ್ಚಿ ಎರಡು ಸೀಟು ನುಂಗಿತು. ಹಾಡಿನ ಪೆಟ್ಟಿಗೆ ಇಲ್ಲದೆ ಸವಾರಿ ಹೇಗೆ? ಹಿತ್ತಾಳೆ ಕಹಳೆಯ ಗ್ರಾಮಫೋನು ಒಂದು ಮೇಜಿನ ಸಮೇತ ಬಂತು, ಇನ್ನೊಂದು ಸೀಟು ಹೋಯಿತು. ಲಂಗರು ಬೇಡ, ಮನೆಯಲ್ಲಿ ಒಡೆದ ಬೀಸುವ ಕಲ್ಲಿದೆ, ಹಗ್ಗ ಕಟ್ಟಿ ಬಿಟ್ಟರೆ ಆಯಿತು. ನೀರಿಗೆ ಬಿದ್ದವರಿಗೆ ಎಸೆಯುವ ತೇಲುಬಳೆ ಬೇಕೋ?

“ಬಳೆ!” ಕುಳ್ಳಮ್ಮ ಎದ್ದೇ ನಿಂತಳು. “ನನ್ನ ಮಗ ಬಳೆ ತೊಟ್ಕಬೇಕಾ? ಬಿದ್ರೆ ಗಂಡಸಿನಂಗೆ ಈಜ್ಲಿ.”

“ಅವ್ವ, ನಂಗೆ ಈಜು ಬರಾಕಿಲ್ಲ.”

“ಅಂಗಾರೆ ಬೀಳ್ಬ್ಯಾಡ.”

ತೇಲುಬಳೆಯನ್ನು ಚನ್ನಬಸವಣ್ಣ ಹೊಡೆದುಹಾಕಿದ. “ಇನ್ನೊಂದು ಮುಖ್ಯವಾದ್ದಿದೆ. ಹಿಂದಕ್ಕೆ ಹೋಗುವ ಗೇರು. ಈ ಮಾದರಿಯಲ್ಲಿ ಅದನ್ನು ಬೇರೆಯಾಗಿ ಹಾಕಿಸಿಕೊಳ್ಳಬೇಕು. ದಡಕ್ಕೆ ಕಟ್ಟುವಾಗ, ಬಿಚ್ಚುವಾಗ ತುಂಬ ಅನುಕೂಲ.”

ತಿಮ್ಮಯ್ಯ ಮೀಸೆ ಮುಟ್ಟಿಕೊಂಡ. “ಇಂದಕ್ಕೆ ಓಗೋದು ನಮ್ಮ ವಂಸದಲ್ಲೇ ಇಲ್ಲ ಕಣ್ರೀ. ಅದರ ಬದ್ಲು ದೊಡ್ಡ ಆರ್ನು ಆಕಿ. ಕಟ್ಟೆ ಮೇಲಿರೋರ ಟೋಪಿ ಆರ್ಬೇಕು.”

ಇಷ್ಟು ಹೊತ್ತಿಗೆ ಕುಳ್ಳಮ್ಮನಿಗೂ ಉತ್ಸಾಹ ಬಂದಿತ್ತು. ಮಗ ನೀರಿನ ನಡುವೆ ಹಸಿದುಕೊಂಡು ಕೂತರೆ ಗತಿಯೇನು? ಒಂದು ಒಲೆ ಇರಲಿ ಎಂದಳು. ಒಲೆಗೆ ತಗಡು, ಹೊಗೆಗೆ ಕೊಳವೆ, ಸೌದೆಗೆ ಮೂಲೆ. ಚನ್ನಬಸವಣ್ಣ ಬೆರಳು ಮಡಿಸಿ, “ಈಗ ಕೂರುವುದಕ್ಕೆ ಜಾಗ ಇರುವುದು ಇಬ್ಬರಿಗೆ. ದೋಣಿ ಓಡಿಸುವವನು, ಮತ್ತು ತಾವು” ಎಂದ.

“ಅಷ್ಟೇ ತಾನೆ ಬೇಕಾದ್ದು,” ಎಂದ ತಿಮ್ಮಯ್ಯ.

ಬಾಗಿಲ ಮರೆಯಲ್ಲಿ ಪುಟ್ಟತಾಯಮ್ಮ ಖಾಲಿ ಲೋಟಗಳನ್ನು ಎತ್ತಿಕೊಂಡು ಒಳಗೆ ಹೋದಳು. ಗ್ರಾಮಫೋನಿಗೆ ಸೀಟು ಸಿಕ್ಕಿತ್ತು, ಸೌದೆಗೆ ಸೀಟು ಸಿಕ್ಕಿತ್ತು. ಅವ್ವನ ಕಣ್ಣು ಮಾತ್ರ ಯಾರಿಗೂ ಕಾಯುವಂತಿರಲಿಲ್ಲ.

ಆ ಸಂಜೆ ಅತ್ತೆ ಸೊಸೆ ಇಬ್ಬರೂ ಅವರೆಕಾಯಿ ಸುಲಿಯುತ್ತ ಕೂತಿದ್ದರು. ಪುಟ್ಟತಾಯಮ್ಮ ಮೊರ ಅರ್ಧ ತುಂಬಿದ ಮೇಲೆ ಮೆಲ್ಲಗೆ ಕೇಳಿದಳು.

“ಅತ್ತೆವ್ವ, ನಂಗೊಂದು ತಿಳೀನಿಲ್ಲ. ಒಸ್ತಿಲಿಲ್ಲದ ತಾವು ಒಲೆ ಅಚ್ಬೌದಾ?”

ಕುಳ್ಳಮ್ಮನ ಕೈ ನಿಂತಿತು. “ಎಲ್ಲಮ್ಮಿ?”

“ದೋಣೀಲಿ. ಒಲೆ ಮಡಗ್ತಾರಂತಲ್ಲ.”

ಕುಳ್ಳಮ್ಮ ಯೋಚಿಸಿದಳು. ಹೊಸ್ತಿಲಿಲ್ಲದ ಜಾಗದಲ್ಲಿ ಉರಿ ಹಾಕುವುದು ಎಲ್ಲಿ? “ಅಯ್ಯಯ್ಯೋ, ಮಸಾಣದಲ್ಲಿ ಕಣಮ್ಮಿ! ಒಸ್ತಿಲು ಬೇಕೇ ಬೇಕು.”

“ಊಂ.”

“ಒಸ್ತಿಲು ಅಂದ್ಮೇಲೆ ಬಾಗ್ಲು ಬೇಕು.”

“ಬೇಕೇನೋಪ್ಪ.”

“ಬಾಗ್ಲು ಅಂದ್ಮೇಲೆ ದಿಕ್ಕು ನೋಡ್ಬೇಕು!” ಕುಳ್ಳಮ್ಮನ ದನಿ ಏರಿತು. “ನಮ್ಮ ಅಳೇ ಅಟ್ಟಿ ಬಾಗ್ಲು ಮೂಡ್ಲಿಗಿತ್ತು. ಈ ಸರ್ಕಾರದ ಮುಂಡೇವು ಪಡುವ್ಲಿಗೆ ತಿರುಗಿಸ್ದೋ, ಆ ವರ್ಸವೇ ಎರಡು ಎಮ್ಮೆ ಓದೋ, ನಿಮ್ಮ ಮಾವ ಓದ್ರು.”

ಮಾವನಿಗಿಂತ ಮೊದಲು ಎಮ್ಮೆಗಳನ್ನು ಹೇಳಿದ್ದನ್ನು ಪುಟ್ಟತಾಯಮ್ಮ ಗಮನಿಸಿದಳು. ಅವಳು ಹಾಕಿದ್ದು ಒಂದೇ ಕಾಳು. ಉಳಿದ ಮೊರವನ್ನೆಲ್ಲ ಅತ್ತೆಯೇ ಸುಲಿದು ಮುಗಿಸಿದಳು.

ಚಾವಡಿಯಲ್ಲಿ ಮಲಗಿದ್ದ ಚನ್ನಬಸವಣ್ಣನನ್ನು ಕುಳ್ಳಮ್ಮ ಬೆಳಗಾಗುತ್ತಲೇ ಎಬ್ಬಿಸಿದಳು. ದೋಣಿಯ ಮೇಲೆ ಒಂದು ಕೋಣೆ, ಅದಕ್ಕೊಂದು ಬಾಗಿಲು, ಹಲಸಿನ ಮರದ ಹೊಸ್ತಿಲು. ಬಾಗಿಲು ಮೂಡಲಕ್ಕೇ ಇರಬೇಕು.

“ತಾಯಿ, ದೋಣಿಗೆ ದಿಕ್ಕೆಲ್ಲಿ ಬಂತು? ಅದು ತಿರುಗುತ್ತಲ್ಲ!”

“ಯಾಕೆ ತಿರುಗ್ಬೇಕು? ನೆಟ್ಟಗಿರಕ್ಕೆ ಏಳು.”

ಚನ್ನಬಸವಣ್ಣ ತಲೆ ಕೆರೆದುಕೊಂಡ. ಮುಂದೆ ಎಂಜಿನ್ನು ಇರುವುದರಿಂದ ಬಾಗಿಲು ದೋಣಿಯ ಹಿಂಭಾಗದಲ್ಲೇ ಬರಬೇಕು. ಈ ಊರು ನೀರಿನ ಮೂಡಲ ದಡದಲ್ಲಿದೆ. ದೋಣಿಯ ಮೂತಿಯನ್ನು ನೀರಿನ ಕಡೆ ಮಾಡಿ ಕಟ್ಟಿದರೆ ಬಾಗಿಲು ಮೂಡಲಕ್ಕೇ ಇರುತ್ತದೆ. ಅಷ್ಟನ್ನು ಮಾತ್ರ ಹೇಳಿದ. ಬಿಚ್ಚಿದ ಮೇಲೆ ಏನಾಗುತ್ತದೆ ಎಂಬುದನ್ನು ಕಾಫಿಯ ಜೊತೆ ನುಂಗಿಕೊಂಡ. ಮಾರುವವನಿಗೆ ಅಷ್ಟು ಬುದ್ಧಿ ಇಲ್ಲದೆ ಹೋದರೆ ಅವನು ಏಜೆಂಟಾಗುತ್ತಿರಲಿಲ್ಲ.

ಏಜೆಂಟು ಹೊರಡುವಾಗ ತಿಮ್ಮಯ್ಯ ಹೆಂಡತಿಯ ಕಡೆ ತಿರುಗಿ, “ಎಲ್ರೂ ಒಂದೊಂದು ಏಳವ್ರೆ. ನಿಂಗೇನಮ್ಮಿ ಬೇಕು ದೋಣಿಗೆ?” ಎಂದ, ತಮಾಷೆಗೆ.

“ನಂಗೇನು ಬೇಕು ಬುಡಿ. ಅತ್ತೆವ್ವ ಎಲ್ಲಾ ಏಳವ್ರಲ್ಲ,” ಎಂದಳು ಪುಟ್ಟತಾಯಮ್ಮ.

ಬೇಸಿಗೆ ಕಳೆಯಿತು. ದೋಣಿ ಮೈಸೂರಿನ ಯಾವುದೋ ಕಾರ್ಖಾನೆಯಲ್ಲಿ ತಯಾರಾಗುತ್ತಲೇ ಇತ್ತು. ಮರಿಯಯ್ಯ ಬಂದಾಗಲೆಲ್ಲ ಸುದ್ದಿ ಒಂದು ಮೆಟ್ಟಿಲು ಇಳಿಯುತ್ತಿತ್ತು. ಅವ್ವ ಮೆಣಸಿನಕಾಯಿಗೂ ಹುರುಳಿಕಾಯಿಗೂ ವ್ಯತ್ಯಾಸ ತಿಳಿಯದೆ ಸಾರು ಮಾಡಿದಳಂತೆ. ತಿಂದವರು ಎರಡು ದಿನ ನೀರು ಕುಡಿದರಂತೆ. ಆಮೇಲೆ ಬಿಸಿಲು ನೆರಳು ಅಷ್ಟೇ ಗೊತ್ತಾಗುತ್ತದಂತೆ. “ಮೂಗಿನ ತಾವು ತಂದ್ರೆ ಮಕ ಗುರ್ತಾಯ್ತದೆ ಕಣವ್ವ. ಇನ್ನು ಜಾಸ್ತಿ ದಿನ ಇಲ್ಲ. ಸುಮ್ಕೆ ಬಂದ್ಬುಡು ನನ್ನ ಅರಿಗೋಲಲ್ಲಿ. ಆಡುಗಳಿಗೆ ನಾನು ಏಳ್ತೀನಿ, ಅವು ಯಾರ್ಗೂ ಏಳಾಕಿಲ್ಲ.”

“ಆಡು ಏಳಾಕಿಲ್ಲ, ಊರು ಏಳ್ತದಲ್ಲ ಮರಿಯಯ್ಯ. ದೋಣಿ ಬರ್ಲಿ.”

ಮುಂಗಾರು ಹಿಡಿದು ಕಟ್ಟೆ ತುಂಬಿತು. ಶ್ರಾವಣದಲ್ಲಿ ದೋಣಿ ಲಾರಿಯ ಮೇಲೆ ಬಂತು. ಊರಿಗೆ ಊರೇ ದಡದಲ್ಲಿ ನೆರೆಯಿತು. ಮುಂದೆ ಎಂಜಿನ್ನು, ನಡುವೆ ಕೈಕುರ್ಚಿ, ಗ್ರಾಮಫೋನಿನ ಕಹಳೆ, ಹಿಂದೆ ಹಸಿರು ಬಣ್ಣದ ಕೋಣೆ, ಅದರಲ್ಲಿ ಒಲೆ, ಹೊಗೆಯ ಕೊಳವೆ, ಬಾಗಿಲು, ಹಲಸಿನ ಹೊಸ್ತಿಲು. ದೋಣಿಯೆಂದರೆ ದೋಣಿ, ಮನೆಯೆಂದರೆ ಮನೆ, ಅಂಗಡಿಯೆಂದರೂ ಯಾರೂ ಇಲ್ಲವೆನ್ನುವಂತಿರಲಿಲ್ಲ. ನೀರಿಗಿಳಿಸಿದಾಗ ಅಂಚಿಗೂ ನೀರಿಗೂ ಒಂದು ಗೇಣು ಉಳಿಯಿತು.

“ತೇಲ್ತು!” ಎಂದು ಜನ ಕೂಗಿದರು. ಎಲ್ಲರಿಗಿಂತ ಜೋರಾಗಿ ಕೂಗಿದವನು ಚನ್ನಬಸವಣ್ಣ.

ತಿಮ್ಮಯ್ಯ ಹೊಸ ಜರಿಪೇಟ ಸುತ್ತಿಕೊಂಡು ಕುರ್ಚಿಯತ್ತ ಕಾಲೆತ್ತಿದ. ಕುಳ್ಳಮ್ಮ ತಡೆದಳು.

“ನಿಲ್ಲಲಾ. ಆಲುಕ್ಕಿಸ್ದೆ ಒಳೀಕೆ ಓಯ್ತೀಯಾ?”

“ಇದು ದೋಣಿ ಕಣವ್ವ!”

“ಒಲೆ ಅದೆ, ಬಾಗ್ಲದೆ, ಒಸ್ತಿಲದೆ. ಮನೆ ಅಂದ್ರೆ ಇನ್ನೇನ್ಲಾ, ಕೊಂಬು ಬೇಕಾ? ಮೊದ್ಲು ಮುತ್ತೈದೆ ಬಲಗಾಲಿಟ್ಟು ಒಳೀಕೆ ಓಗ್ಬೇಕು. ನಾನು ಓಗಂಗಿಲ್ಲ. ನಿನ್ನೆಂಡ್ರು ಎಲ್ಲಿ?”

“ಅವಳ್ಗೆ ಜಾಗ ಇಲ್ಲ ಕಣವ್ವ.”

“ಆ ಕೊಂಬಿನ ಪೆಟ್ಟಿಗೆ ಇಳಿಸು.”

ಗ್ರಾಮಫೋನು ದಡಕ್ಕಿಳಿಯಿತು. ಪುಟ್ಟತಾಯಮ್ಮ ಬಂದಳು. ತಲೆಗೆ ಹೂವು, ಒಂದು ಕೈಯಲ್ಲಿ ಹಾಲಿನ ಚೆಂಬು, ಇನ್ನೊಂದು ಕಂಕುಳಲ್ಲಿ ಒಂದು ಗಂಟು.

“ಏನಮ್ಮಿ ಅದು, ಅಷ್ಟು ದಪ್ಪದ ಗಂಟು?”

“ಪೂಜೆ ಸಾಮಾನು ಕಣ್ರಿ,” ಎಂದು ಹೊಸ್ತಿಲಿಗೆ ಅರಿಶಿನ ಹಚ್ಚಿ, ಬಲಗಾಲಿಟ್ಟು ಒಳಗೆ ಹೋದಳು. ಗಂಟಿನಲ್ಲಿ ಎರಡು ಸೀರೆ, ಹುರಿಹಿಟ್ಟು, ಅವ್ವನ ತಲೆಗೆಂದು ಹರಳೆಣ್ಣೆಯ ಸೀಸೆ ಇದ್ದವು. ಯಾವ ದೇವರ ಪೂಜೆ ಎಂದು ಯಾರೂ ಕೇಳಲಿಲ್ಲವಾದ್ದರಿಂದ ಅವಳು ಸುಳ್ಳು ಹೇಳಿದಂತೂ ಆಗಲಿಲ್ಲ.

ಹಾಲು ಉಕ್ಕಿತು. ತೆಂಗಿನಕಾಯಿ ಒಡೆಯಿತು. ಚನ್ನಬಸವಣ್ಣ ಚಕ್ರದ ಹಿಂದೆ ಕೂತು ಎಂಜಿನ್ನು ತಿರುವಿದ. ಹನ್ನೆರಡು ಕುದುರೆಗಳೂ ಒಟ್ಟಿಗೆ ಕೆಮ್ಮಿದವು. ತಿಮ್ಮಯ್ಯ ಹಾರ್ನು ಒತ್ತಿದ. ದಡದಲ್ಲಿದ್ದ ಎಮ್ಮೆಗಳು ಊರೊಳಕ್ಕೆ ಓಡಿದವು.

“ದಿಬ್ಬ ಬಳಸ್ಕಂಡು ಕಟ್ಟೆ ಕಡೀಕೆ ತಿರುಗ್ಸಿ! ಮೂಡ್ಲಿಗೆ!”

ದೋಣಿ ದೊಡ್ಡದಾಗಿ ಒಂದು ಸುತ್ತು ತೆಗೆದುಕೊಂಡು ಮೂಡಲಕ್ಕೆ ಮೂತಿ ಮಾಡಿತು. ದಡದ ಮೇಲಿಂದ ಕುಳ್ಳಮ್ಮನ ಚೀರು ಎಂಜಿನ್ನಿನ ಸದ್ದನ್ನೂ ಸೀಳಿಕೊಂಡು ಬಂತು.

“ಲೋ ತಿಮ್ಮಾ! ಬಾಗ್ಲು! ಬಾಗ್ಲು ಪಡುವ್ಲಿಗೆ ತಿರುಗ್ತು ಕಣ್ಲಾ! ಆಲುಕ್ಕಿಸಿದ ಮನೆ ಕಣ್ಲಾ! ನಿಮ್ಮಪ್ಪ ಓದಂಗೆ ನೀನೂ ಓಗ್ಬೇಕಾ?”

ಆರಡಿಯ ಹೆಂಗಸು ಸೀರೆ ಎತ್ತಿಕಟ್ಟಿ ದಡದುದ್ದಕ್ಕೂ ಓಡುತ್ತಿದ್ದಳು. ಹಿಂದೆ ಊರಿನವರು, “ಬಾಗ್ಲು! ಬಾಗ್ಲು!” ಎಂದು ಸೊಲ್ಲು ಕೂಡಿಸಿದರು. ತಿಮ್ಮಯ್ಯ ಹಿಂತಿರುಗಿ ನೋಡಿದ. ಹೌದು, ಬಾಗಿಲು ಪಡುವಲಕ್ಕಿತ್ತು. ಎರಡು ಎಮ್ಮೆ ಸತ್ತಿದ್ದು ಅವನಿಗೂ ನೆನಪಿತ್ತು.

“ತಿರುಗ್ಸಿ, ತಿರುಗ್ಸಿ!”

“ಎತ್ತ ಕಡೆಗೆ ಗೌಡರೇ?”

“ಬಾಗ್ಲು ಮೂಡ್ಲಿಗೆ ಬರಂಗೆ!”

ದೋಣಿ ಇನ್ನೊಂದು ಸುತ್ತು ಹಾಕಿ ಪಡುವಲಕ್ಕೆ ಮೂತಿ ಮಾಡಿತು. ಬಾಗಿಲು ಮೂಡಲಕ್ಕೆ ಬಂತು. ದಡದ ಕೂಗು ತಣ್ಣಗಾಯಿತು.

“ಇನ್ನು ಎಲ್ಲಿಗೆ ಸ್ವಾಮಿ?” ಚನ್ನಬಸವಣ್ಣ ಕೇಳಿದ. “ಹೀಗೇ ನೆಟ್ಟಗೆ ಹೋದರೆ ಯಾವ ಊರು ಸಿಗುತ್ತೆ?”

ತಿಮ್ಮಯ್ಯ ಬಾಯಿ ತೆರೆಯುವ ಮೊದಲೇ ಕೋಣೆಯೊಳಗಿಂದ, ಒಲೆ ಊದುತ್ತಿದ್ದ ದನಿಯಲ್ಲಿ ಉತ್ತರ ಬಂತು.

“ಒನ್ನೆಮರದಳ್ಳಿ ಅಂತಾರೆ ಕಣಣ್ಣ.”

ತಿಮ್ಮಯ್ಯ ನಿಧಾನವಾಗಿ ತಿರುಗಿ ನೋಡಿದ. ಹೆಂಡತಿ ಹಾಲಿಗೆ ಬೆಲ್ಲ ಹಾಕುತ್ತಿದ್ದಳು. ಮುಖದಲ್ಲಿ ಹೊಗೆಯ ಹೊರತು ಏನೂ ಇರಲಿಲ್ಲ.

ಹೊನ್ನೆಮರದಹಳ್ಳಿಯ ದಡದಲ್ಲಿ ಬಟ್ಟೆ ಒಗೆಯುತ್ತಿದ್ದವರು ಹಾರ್ನು ಕೇಳಿ ಬಟ್ಟೆ ಬಿಟ್ಟು ಓಡಿದರು. ಅವ್ವ ಜಗಲಿಯ ಮೇಲೆ ಕೂತಿದ್ದಳು. “ಯಾರ್ದೋ ಎಮ್ಮೆಗೆ ಕೋಣ ಬೇಕಾಗದೆ, ನೋಡ್ರೋ” ಎನ್ನುತ್ತಿದ್ದಳಂತೆ. ಪುಟ್ಟತಾಯಮ್ಮ ಹೋಗಿ ಅವಳ ಮುಂದೆ ಕುಕ್ಕರಗಾಲಲ್ಲಿ ಕೂತಳು. ಮಾತಾಡಲಿಲ್ಲ. ಮಾತಾಡಿದರೆ ಗುರುತು ಸಿಕ್ಕಿಬಿಡುತ್ತದೆ, ಅದು ಕಿವಿಯ ಗುರುತು.

ಅವ್ವ ಎರಡು ಕೈಯಲ್ಲೂ ಆ ಮುಖ ಹಿಡಿದಳು. ಬಿಸಿಲಿನ ಕಡೆ ತಿರುಗಿಸಿದಳು. ಮೂಗಿಗೆ ಮೂಗು ತಾಗುವಷ್ಟು ಹತ್ತಿರ ಎಳೆದುಕೊಂಡಳು. ಬಹಳ ಹೊತ್ತು ನೋಡಿದಳು.

“ಬಿಳಿ ಕೂದ್ಲು ಬಂದದಲ್ಲೇ ಪುಟ್ಟಿ,” ಎಂದಳು. “ಎಣ್ಣೆ ಆಕಾಕಿಲ್ವಾ ತಲೆಗೆ?”

ಪುಟ್ಟತಾಯಮ್ಮ ಅತ್ತಳು, ನಕ್ಕಳು. ಕಿವಿಯ ಹಿಂದಿನ ಆ ಒಂದು ಬಿಳಿ ಕೂದಲನ್ನು ಹೊಸ ಹಳೇಕೊಪ್ಪಲಿನಲ್ಲಿ ಯಾರೂ ಕಂಡಿರಲಿಲ್ಲ, ಒಳ್ಳೆಯ ಕಣ್ಣಿದ್ದವರು ಕೂಡ.

ಸಂಜೆಯಾಗುತ್ತ ಬಂದಾಗ ತಿಮ್ಮಯ್ಯ, “ಒರಡಣ” ಎಂದು ಎದ್ದ. ಚನ್ನಬಸವಣ್ಣ ಏಳಲಿಲ್ಲ.

“ಹೇಗೆ ಹೊರಡುವುದು ಗೌಡರೇ? ನಿಮ್ಮೂರಿರುವುದು ಮೂಡಲಕ್ಕೆ. ಮೂಡಲಕ್ಕೆ ಹೋದರೆ ಬಾಗಿಲು ಪಡುವಲಕ್ಕೆ ಬರುತ್ತೆ. ನಿಮ್ಮ ತಾಯಿಯವರು ದಡದಲ್ಲೇ ಕೂತಿರುತ್ತಾರೆ.”

“ಇಂದಿಂದಕ್ಕೇ ಓಡ್ಸಿ ಮತ್ತೆ.”

“ಹಿಂದಕ್ಕೆ ಹೋಗುವ ಗೇರು ಬೇಡ ಅಂದವರು ತಾವೇ. ವಂಶದಲ್ಲೇ ಇಲ್ಲ ಅಂದಿರಿ.”

ತಿಮ್ಮಯ್ಯ ಕೈಕುರ್ಚಿಯಲ್ಲಿ ಕುಸಿದು ಕೂತ. ಕತ್ತಲಲ್ಲಿ ಕದ್ದು ಹೋಗಿಬಿಡೋಣವೇ ಎಂದು ಒಂದು ಗಳಿಗೆ ಯೋಚಿಸಿದ. ಎಂಜಿನ್ನಿನ ಸದ್ದಿಗೆ ಇಡೀ ತಾಲ್ಲೂಕು ಏಳುತ್ತದೆ. ಅಲ್ಲದೆ ಕತ್ತಲಾದರೂ ಪಡುವಲ ಪಡುವಲವೇ.

ಮಾರನೇ ದಿನ ಮರಿಯಯ್ಯ ಹರಿಗೋಲಿನಲ್ಲಿ ಬಂದಾಗ ಉಪಾಯ ಹೊಳೆಯಿತು. ದೋಣಿಯ ಹಿಂಭಾಗಕ್ಕೆ ಹಗ್ಗ ಕಟ್ಟಿ, ಬಾಗಿಲು ಮೂಡಲಕ್ಕೆ ಇರುವ ಹಾಗೇ, ಹರಿಗೋಲಿನಿಂದ ಎಳೆದುಕೊಂಡು ಹೋಗುವುದು. ಚನ್ನಬಸವಣ್ಣನಿಗೆ ಅದನ್ನು ನೋಡಿಕೊಂಡು ಕೂರುವ ಪುರಸೊತ್ತಿರಲಿಲ್ಲ. ಅವತ್ತೇ ಕೋಟು ಮಡಿಸಿ ಕಂಕುಳಿಗೆ ಸಿಕ್ಕಿಸಿಕೊಂಡು, ಆಡುಗಳ ನಡುವೆ ಕುಕ್ಕರಗಾಲಲ್ಲಿ ಕೂತು ಹೊರಡಲು ಸಿದ್ಧನಾದ.

“ದೋಣಿ ಯಾವಾಗ ಎಳೀತೀಯ ಮರಿಯಯ್ಯ? ಇವತ್ತೇ ಆಗ್ಲಿ,” ಎಂದ ತಿಮ್ಮಯ್ಯ.

ಮರಿಯಯ್ಯ ಆಕಾಶ ನೋಡಲಿಲ್ಲ, ನೀರು ನೋಡಲಿಲ್ಲ. ಜಗಲಿಯ ಕಡೆ ನೋಡಿದ. ಅಲ್ಲಿ ಪುಟ್ಟತಾಯಮ್ಮ ಅವ್ವನ ತಲೆಗೆ ಹರಳೆಣ್ಣೆ ತಟ್ಟುತ್ತಿದ್ದಳು. ತಲೆ ಎತ್ತದೆಯೇ ಒಂದಿಷ್ಟು ಅಲ್ಲಾಡಿಸಿದಳು.

“ಗಾಳಿ ಎದ್ರಾಗದೆ ಬುದ್ಧಿ,” ಎಂದ ಮರಿಯಯ್ಯ.

ಗಾಳಿ ಹಾಗೇ ಎದುರಾಗಿಯೇ ಇತ್ತು. ಎಲೆ ಅಲುಗದ ದಿನವೂ ಎದುರಾಗಿತ್ತು. ತಿಮ್ಮಯ್ಯನಿಗೆ ಅತ್ತೆಮನೆಯಲ್ಲಿ ನಾಟಿಕೋಳಿ ಸಾರು, ಮುದ್ದೆ, ಹುಚ್ಚೆಳ್ಳು ಚಟ್ನಿ. ಊರ ಮಕ್ಕಳು ಬಂದು ಹಾರ್ನು ಒತ್ತಿ ಒತ್ತಿ ಅದರ ಗಂಟಲು ಕೀರಲಾಯಿತು. ಅವ್ವ ದಿನವೂ ಬೆಳಿಗ್ಗೆ ಮಗಳನ್ನು ಬಾಗಿಲ ಬೆಳಕಿನಲ್ಲಿ ಕೂರಿಸಿಕೊಂಡು, ಹಣೆ, ಹುಬ್ಬು, ಮೂಗುಬೊಟ್ಟು ಒಂದೊಂದಾಗಿ ನೋಡುತ್ತ, ನೋಡಿದ್ದನ್ನು ಬೆರಳಿನಿಂದ ಸವರುತ್ತ ಹೋಗುತ್ತಿದ್ದಳು. ದಿನ ಕಳೆದಂತೆ ನೋಡುವುದು ಕಡಿಮೆಯಾಗಿ ಸವರುವುದು ಹೆಚ್ಚಾಯಿತು. ಒಂದು ಬೆಳಿಗ್ಗೆ ಮುಖದ ಮೇಲಿನ ಕೈ ತೆಗೆದು, ಮಗಳ ಕೆನ್ನೆಗೆ ಮೆತ್ತಗೆ ತಟ್ಟಿದಳು.

“ಸಾಕು ಕಣೆ. ಬಾಯಿಪಾಠ ಆಯ್ತು. ಇನ್ನು ಕಣ್ಣು ಮುಚ್ಕಂಡ್ರೂ ಕಾಣ್ತೀಯ. ಓಗು, ಅಳಿಮಯ್ಯ ಪಾಪ ಕೋಳಿ ತಿಂದು ತಿಂದು ಕೋಳಿ ಅಂಗೇ ಆಗವ್ರೆ.”

ಪುಟ್ಟತಾಯಮ್ಮ ದಡಕ್ಕೆ ಬಂದಳು. “ಮರಿಯಯ್ಯ, ಗಾಳಿ ಎಂಗದೆ?”

“ನೀನೇ ಏಳ್ಬೇಕು ಕಣವ್ವ.”

“ತಿರುಗ್ತು ಅಂತ ಏಳು.”

ಹೀಗೆ ಹನ್ನೆರಡು ಕುದುರೆಗಳ ಮೋಟಾರು ದೋಣಿಯನ್ನು ತೊಗಲಿನ ಬುಟ್ಟಿಯೊಂದು ಹಿಂದುಮುಂದಾಗಿ ಎಳೆದುಕೊಂಡು ಹೊರಟಿತು. ಹರಿಗೋಲಿನಲ್ಲಿದ್ದ ಆಡುಗಳು ಅಂಚಿನ ಮೇಲೆ ಗದ್ದ ಊರಿ ಪಟೇಲನನ್ನೇ ನೋಡುತ್ತಿದ್ದವು. ತಿಮ್ಮಯ್ಯ ಕೈಕುರ್ಚಿಯಲ್ಲಿ ಕೂತು ಬಂದ ದಾರಿಯನ್ನೇ ನೋಡುತ್ತಿದ್ದ. ನಡುನಡುವೆ ಮಾನ ಉಳಿಸಿಕೊಳ್ಳಲು ಹಾರ್ನು ಒತ್ತಿದರೆ ಅದೂ ಆಡಿನ ಹಾಗೇ ಕೂಗಿತು. ಪುಟ್ಟತಾಯಮ್ಮ ಹೊಸ್ತಿಲ ಒಳಗೆ ಕೂತು ಒಲೆ ಹಚ್ಚಿ ಕಾಫಿ ಕಾಸಿದಳು.

ದಡದಲ್ಲಿ ಕುಳ್ಳಮ್ಮ ನಿಂತಿದ್ದಳು. ಎಲ್ಲಕ್ಕಿಂತ ಮೊದಲು ಬಾಗಿಲು ನೋಡಿದಳು. ಅದು ಮೂಡಲಕ್ಕೇ ಇತ್ತು, ಅವಳ ಕಡೆಗೇ ಬರುತ್ತಿತ್ತು. ತೃಪ್ತಿಯಾಯಿತು.

“ಇಷ್ಟು ದಿನ ಏನ್ಲಾ ಮಾಡ್ದೆ?”

“ಗಾಳಿ ಕಣವ್ವ,” ಎಂದ ತಿಮ್ಮಯ್ಯ, ಹೆಂಡತಿಯ ಕಡೆ ನೋಡದೆ.

ಕುಳ್ಳಮ್ಮ ಮಾತ್ರ ಸೊಸೆಯ ಕಡೆ ನೋಡಿದಳು. ಗಂಟು ತೆಳ್ಳಗಾಗಿತ್ತು. ಮುಖ ತುಂಬಿಕೊಂಡಿತ್ತು. ಅವರೆಕಾಯಿ ಸುಲಿದ ಸಂಜೆ ಅವಳಿಗೆ ನೆನಪಿಗೆ ಬಂತೋ ಏನೋ, ಬಹಳ ಹೊತ್ತು ಹಾಗೇ ನೋಡಿದಳು. ಬೈಗುಳ ಈಗ ಬೀಳುತ್ತದೆ, ಆಗ ಬೀಳುತ್ತದೆ ಎಂದು ಊರಿನವರು ಕಾದರು.

“ನಿಮ್ಮವ್ವಂಗೆ ಕಂಡ್ಯಾ?”

“ಕಂಡೆ ಅತ್ತೆವ್ವ.”

ಕುಳ್ಳಮ್ಮ ನೀರಿನ ಕಡೆ ತಿರುಗಿದಳು. “ನಮ್ಮವ್ವನ ಊರೂ ಪಡುವ್ಲಿಗೇ ಇತ್ತು ಕಣಮ್ಮಿ. ಅಗೋ, ನಡುನೀರಲ್ಲಿ ಒಂದು ಒಣಮರದ ತುದಿ ಕಾಣ್ತದಲ್ಲ, ಅದು ನಮ್ಮ ಅಟ್ಟಿ ಇತ್ತಿಲ ಉಣಸೆಮರ. ತಿಮ್ಮಾ, ನಾಳೀಕೆ ನನ್ನೂ ಕರ್ಕೊಂಡೋಗು. ಆ ಮರದ ತಾವು ಒಂದು ಗಳಿಗೆ ನಿಲ್ಸು.”

“ದೋಣಿ ನಿಲ್ಸಕ್ಕೆ ಲಂಗರಿಲ್ಲ ಕಣವ್ವ.”

“ಬೀಸೋ ಕಲ್ಲದಲ್ಲ.”

“ಅವಳಿರ್ತಾಳೆ, ಓಡ್ಸಕ್ಕೊಬ್ಬ ಬೇಕು, ನಾನಿರ್ತೀನಿ. ನಿಂಗೆ ಜಾಗ ಎಲ್ಲಿ?”

ಕುಳ್ಳಮ್ಮ ಮಗನನ್ನು ತಲೆಯಿಂದ ಕಾಲಿನ ತನಕ ಒಮ್ಮೆ ನೋಡಿದಳು, ಆಮೇಲೆ ಅವನು ಕೂತಿದ್ದ ಬೂರುಗದ ಮೆತ್ತೆಯ ಕೈಕುರ್ಚಿಯನ್ನು ನೋಡಿದಳು.

“ಕುರ್ಚಿ ಇಳಿಸು,” ಎಂದಳು.